ಹಳೆ ನಾಣ್ಯದ ಮೇಲೆ ಕಲೆ, ಗೆರೆ, ಬಣ್ಣ: ಹುಣಸೆಹಣ್ಣು ಹಚ್ಚುವ ಮೊದಲು ಇದನ್ನು ಓದಿ

"ಅಜ್ಜಿಯ ಪೆಟ್ಟಿಗೆಯಲ್ಲಿ ಬೆಳ್ಳಿ ರೂಪಾಯಿ ಸಿಕ್ಕಿದೆ, ಅಡ್ಡಕ್ಕೆ ಒಂದು ಕಪ್ಪು ಪಟ್ಟೆ ಇದೆ, ಏನಿದು?" "ಕಾಲಾಣೆ ಮೇಲೆ ಮರದ ಹಲಗೆಯಲ್ಲಿ ಇರುತ್ತದಲ್ಲ, ಹಾಗೆ ಗೆರೆ ಬಂದಿದೆ. ಅಪರೂಪದ್ದಾ?" "ತಾಮ್ರದ ದುಡ್ಡಿನಿಂದ ಹಸಿರು ಪುಡಿ ಉದುರುತ್ತಿದೆ, ತೊಳೆಯಬಹುದಾ?"

ನನಗೆ ಬರುವ ಪ್ರಶ್ನೆಗಳು ಹೆಚ್ಚಾಗಿ ಇಂಥವೇ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹೇಳುತ್ತಿದ್ದೇನೆ. ಬೇಸರದ ಸಂಗತಿ ಏನೆಂದರೆ, ಕೇಳುವವರಲ್ಲಿ ಬಹಳ ಜನ ಕೇಳುವ ಹೊತ್ತಿಗೇ ನಾಣ್ಯವನ್ನು ತಿಕ್ಕಿ ಬೆಳಗಿ ಮುಗಿಸಿರುತ್ತಾರೆ. ಆಮೇಲೆ ನಾನು ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ನಾಣ್ಯದ ಮೇಲೆ ಯಾವ ಬಣ್ಣ ಕಂಡರೂ ಮೂರು ಸಾಧ್ಯತೆಗಳಿವೆ. ಒಂದು, ಅದು ಹೊರಗಿನಿಂದ ಬಂದು ಕೂತದ್ದು: ಕೊಳೆ, ಎಣ್ಣೆ, ಅಂಟು, ಕುಂಕುಮ. ಎರಡು, ಲೋಹವೇ ಗಾಳಿ, ನೀರು, ಗಂಧಕದ ಜೊತೆ ಸೇರಿ ಬದಲಾದದ್ದು: ಬೆಳ್ಳಿಯ ಕಪ್ಪು, ತಾಮ್ರದ ಕಿಲುಬು. ಮೂರು, ಟಂಕಸಾಲೆಯಲ್ಲಿ ಹುಟ್ಟುವಾಗಲೇ ಇದ್ದದ್ದು. ಮೊದಲನೆಯದನ್ನು ಮಾತ್ರ ತೆಗೆಯಬಹುದು. ಎರಡನೆಯದನ್ನು ತೆಗೆದರೆ ಅದರ ಜೊತೆ ಲೋಹವೂ ಸ್ವಲ್ಪ ಹೋಗುತ್ತದೆ. ಮೂರನೆಯದು ತಿಕ್ಕಿದರೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ನಿಮ್ಮ ನಾಣ್ಯ ಯಾವ ಗುಂಪಿನದು ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ.

ಏನೇನು ಬೇಕು?

ದುಬಾರಿಯದು ಏನೂ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಚಿಕ್ಕ ಭೂತಗನ್ನಡಿ. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ತಕ್ಕಡಿ. ಒಂದು ಅಯಸ್ಕಾಂತ. ಕತ್ತು ಬಗ್ಗಿಸಬಹುದಾದ ಟೇಬಲ್ ಲ್ಯಾಂಪ್. ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನು (ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಸಾಕು, ಆಸಿಡ್ ಅಲ್ಲ, ನೀರು). ಶುದ್ಧ ಅಸಿಟೋನ್ ಒಂದು ಚಿಕ್ಕ ಬಾಟಲಿ, ಮುಚ್ಚಳವಿರುವ ಎರಡು ಗಾಜಿನ ಭರಣಿ, ಬಿದಿರಿನ ಹಲ್ಲುಕಡ್ಡಿ, ಮೆತ್ತನೆ ಹತ್ತಿ ಬಟ್ಟೆ. ಕೆಲಸ ಮಾಡುವ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ನಾಣ್ಯ ಕೈ ಜಾರಿ ಮೊಸಾಯಿಕ್ ನೆಲಕ್ಕೆ ಬಿದ್ದರೆ ಅಂಚು ಜಜ್ಜಿ ಹೋಗುತ್ತದೆ.

ಬೇಡವಾದ ಸಾಮಾನಿನ ಪಟ್ಟಿ ಇದಕ್ಕಿಂತ ಮುಖ್ಯ. ಹುಣಸೆಹಣ್ಣು, ನಿಂಬೆಹಣ್ಣು, ವಿನೆಗರ್, ಟೂತ್‌ಪೇಸ್ಟ್, ವಿಭೂತಿ, ಪಾತ್ರೆ ಬೆಳಗುವ ಪುಡಿ, ಸ್ಟೀಲ್ ನಾರು, ತಂಪು ಪಾನೀಯ, ಟಾಯ್ಲೆಟ್ ಕ್ಲೀನರ್. ಇವೆಲ್ಲ ಅಡುಗೆಮನೆಯಲ್ಲೋ ಬಚ್ಚಲಲ್ಲೋ ಇರಲಿ.

1. ಮೊದಲು ಕೈ ಕಟ್ಟಿಕೊಂಡು ನೋಡಿ

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಹೆಬ್ಬೆರಳನ್ನು ಮುಖದ ಮೇಲೆ ಒತ್ತಬೇಡಿ. ಬೆರಳಿನ ಬೆವರಲ್ಲಿ ಉಪ್ಪು ಮತ್ತು ಎಣ್ಣೆ ಅಂಶ ಇರುತ್ತದೆ. ಹೊಳಪಿರುವ ಕಂಚಿನ ನಾಣ್ಯದ ಮೇಲೆ ಇವತ್ತು ಮೂಡಿದ ಬೆರಳಚ್ಚು ಕೆಲವು ತಿಂಗಳಲ್ಲಿ ಕಂದು ಬಣ್ಣದಲ್ಲಿ ಎದ್ದು ಬರುತ್ತದೆ, ಮತ್ತೆ ಹೋಗುವುದಿಲ್ಲ. ನಾಣ್ಯದ ಮೇಲೆ ಬಗ್ಗಿ ಮಾತಾಡುವುದೂ ಬೇಡ. ಎಂಜಲಿನ ಒಂದು ಹನಿ ಸಾಕು, ಕಪ್ಪು ಚುಕ್ಕೆ ಆಗಲು.

ಏನೂ ಮಾಡುವ ಮೊದಲು ಎರಡೂ ಕಡೆಯ ಫೋಟೋ ತೆಗೆಯಿರಿ. ನಂತರ ಲ್ಯಾಂಪನ್ನು ಪಕ್ಕದಿಂದ ಬೀಳುವ ಹಾಗೆ ಬಗ್ಗಿಸಿ, ನಾಣ್ಯವನ್ನು ನಿಧಾನವಾಗಿ ಓರೆ ಮಾಡುತ್ತಾ ಲೂಪಿನಲ್ಲಿ ನೋಡಿ. ಮೂರು ವಿಷಯ ಗಮನಿಸಿ.

ಕಲೆ ಉಬ್ಬಿದೆಯಾ, ತಗ್ಗಿದೆಯಾ, ಸಮತಟ್ಟಾಗಿದೆಯಾ? ಉಬ್ಬಿದ್ದರೆ ಏನೋ ಬಂದು ಕೂತಿದೆ, ಇಲ್ಲವೇ ಕಿಲುಬು ಬೆಳೆದಿದೆ. ತಗ್ಗಿದ್ದರೆ ಲೋಹ ತಿಂದು ಹೋಗಿದೆ. ಸಮವಾಗಿದ್ದರೆ ಅದು ಬರೀ ಬಣ್ಣ.

ಬಣ್ಣ ಚಿತ್ರವನ್ನು ಅನುಸರಿಸುತ್ತದಾ, ದಾಟಿ ಹೋಗುತ್ತದಾ? ಕೊಳೆ ಅಕ್ಷರಗಳ ಸಂದಿಯಲ್ಲಿ, ರಾಜನ ಕಿರೀಟದ ಮೂಲೆಯಲ್ಲಿ ಸೇರಿಕೊಳ್ಳುತ್ತದೆ. ಲೋಹದ ಒಳಗಿನ ಗೆರೆಗೆ ರಾಜನ ಮುಖವೂ ಒಂದೇ, ಖಾಲಿ ಜಾಗವೂ ಒಂದೇ. ನೇರವಾಗಿ ದಾಟಿ ಹೋಗುತ್ತದೆ.

ಎರಡೂ ಮುಖದಲ್ಲಿ ಇದೆಯಾ? ಒಂದೇ ಕಡೆ ಇದ್ದರೆ ಆ ಮುಖ ಯಾವುದಕ್ಕೋ ತಾಗಿಕೊಂಡು ಬಹಳ ದಿನ ಕೂತಿತ್ತು ಎಂದು ಸಾಮಾನ್ಯವಾಗಿ ಅರ್ಥ.

2. ಯಾವ ಲೋಹ ಎಂದು ಗೊತ್ತು ಮಾಡಿಕೊಳ್ಳಿ

ಒಂದೇ ಬಣ್ಣ ಬೇರೆಬೇರೆ ಲೋಹದಲ್ಲಿ ಬೇರೆಬೇರೆ ಕಥೆ ಹೇಳುತ್ತದೆ. ಹಾಗಾಗಿ ಇಸವಿ ನೋಡಿ, ತೂಕ ಹಾಕಿ.

1835ರಿಂದ 1939ರವರೆಗಿನ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ತೂಕ 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ. 1940ರಿಂದ 1945ರವರೆಗಿನ ರೂಪಾಯಿ ತೂಕದಲ್ಲಿ ಅಷ್ಟೇ, ಆದರೆ ಬೆಳ್ಳಿ ಅರ್ಧ ಮಾತ್ರ. ಎರಡನೇ ಮಹಾಯುದ್ಧದ ಕಾಲ ಅಲ್ವಾ, ಬೆಳ್ಳಿಗೆ ಬರ. ತಾಮ್ರ 40, ನಿಕಲ್ 5, ಸತು 5 ಭಾಗ ಸೇರಿಸಿದರು. ಅದಕ್ಕೇ 1943, 1944ರ ರೂಪಾಯಿಗಳು ಮಾಸಲು ಹಳದಿ, ಬೂದು, ಅಲ್ಲಲ್ಲಿ ಕೆಂಪು ಛಾಯೆಗೆ ತಿರುಗುತ್ತವೆ. "ಇದು ಖೋಟಾ ಇರಬೇಕು, ಬೆಳ್ಳಿ ಹೀಗಿರಲ್ಲ" ಎಂದು ಎಷ್ಟೋ ಜನ ಇಂಥವನ್ನು ಸುಮ್ನೆ ಪಕ್ಕಕ್ಕೆ ಎಸೆದಿದ್ದಾರೆ. ಖೋಟಾ ಅಲ್ಲ, ಆ ಮಿಶ್ರಣದ ಗುಣವೇ ಅದು. 1947ರ ರೂಪಾಯಿ ನಿಕಲ್. ಅದು ಅಯಸ್ಕಾಂತಕ್ಕೆ ಅಂಟುತ್ತದೆ, ಗಾಬರಿ ಬೇಡ. ಬೆಳ್ಳಿ ರೂಪಾಯಿ ಅಂಟಿದರೆ ಮಾತ್ರ ಅನುಮಾನಪಡಿ.

ಕಾಲಾಣೆ 1906ರಲ್ಲಿ ತಾಮ್ರದಿಂದ ಕಂಚಿಗೆ ಬದಲಾಯಿತು. ನಡುವೆ ತೂತಿರುವ 1943–47ರ ಒಂದು ಪೈಸೆ, 1950ರ ಕುದುರೆ ಪೈಸೆ, 1957ರಲ್ಲಿ ಶುರುವಾದ ಒಂದು ನಯಾ ಪೈಸೆ, ಇವೂ ಕಂಚಿನವೇ. 1964ರಿಂದ ಚಿಲ್ಲರೆ ಪೈಸೆಗಳು ಒಂದೊಂದಾಗಿ ಅಲ್ಯೂಮಿನಿಯಂ ಆದವು. 1992ರಿಂದ ಒಂದು ರೂಪಾಯಿ ಸ್ಟೀಲ್. ಕಮಲದ ಹೂವಿರುವ ಹಳದಿ 20 ಪೈಸೆಯಲ್ಲಿ ಚಿನ್ನ ಇದೆ ಎಂದು ನಂಬಿ ದೇವರ ಮುಂದೆ ಇಟ್ಟಿರುವವರು ಇದ್ದಾರೆ. ಪೂಜೆ ಮಾಡಿ, ಬೇಡ ಅನ್ನಲ್ಲ. ಚಿನ್ನ ಮಾತ್ರ ಅದರಲ್ಲಿ ಇಲ್ಲ, ತಾಮ್ರದ ಮಿಶ್ರಲೋಹ ಅದು.

3. ಬೆಳ್ಳಿಯ ಮೇಲೆ ಬಣ್ಣ ಇದ್ದರೆ

ಬೆಳ್ಳಿಗೆ ಶತ್ರು ಗಂಧಕ. ಗಾಳಿಯಲ್ಲಿರುವ ಚೂರುಪಾರು ಗಂಧಕದ ಅನಿಲ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪೊರೆ ಕಟ್ಟುತ್ತದೆ. ಪೊರೆ ತೆಳ್ಳಗಿದ್ದಾಗ ಕಪ್ಪಾಗಿ ಕಾಣುವುದಿಲ್ಲ. ನೀರಿನ ಮೇಲೆ ಎಣ್ಣೆ ಹನಿ ಹರಡಿದಾಗ ಬಣ್ಣ ಕಾಣುತ್ತದಲ್ಲ, ಅದೇ ಆಟ ಇಲ್ಲೂ. ಮೊದಲು ತಿಳಿ ಹಳದಿ, ಆಮೇಲೆ ಹೊಂಬಣ್ಣ, ಕಂದು-ನೇರಳೆ, ನೀಲಿ, ಕೊನೆಗೆ ಕಪ್ಪು. ಸಂಗ್ರಹಕಾರರು ಇದನ್ನು ಟೋನಿಂಗ್ ಎನ್ನುತ್ತಾರೆ, ಅಂದರೆ ವಯಸ್ಸಿನಿಂದ ಬಂದ ಛಾಯೆ.

ಆ ಕಪ್ಪು ಪಟ್ಟೆಯ ವಿಷಯಕ್ಕೆ ಬರೋಣ. ನನ್ನ ಹತ್ತಿರ 1918ರ ಐದನೇ ಜಾರ್ಜ್ ರೂಪಾಯಿ ಒಂದಿದೆ. ಅರಸನ ಕಿವಿಯಿಂದ ಗಡ್ಡದವರೆಗೆ ಓರೆಯಾಗಿ ಒಂದು ಪಟ್ಟೆ, ಎರಡು ಅಕ್ಕಿಕಾಳು ಪಕ್ಕಪಕ್ಕ ಇಟ್ಟಷ್ಟು ಅಗಲ. ಲೂಪಿನಲ್ಲಿ ನೋಡಿದರೆ ಪಟ್ಟೆಯ ನಡುವೆ ಅಚ್ಚ ಕಪ್ಪು. ಅದರ ಎರಡೂ ಬದಿಗೆ ಕೂದಲೆಳೆಯಷ್ಟು ನೀಲಿ. ಅದರಾಚೆ ನೇರಳೆ, ಅದರಾಚೆ ಹೊಂಬಣ್ಣ, ಆಮೇಲೆ ಬರೀ ಬೆಳ್ಳಿ. ಮೇಲೆ ಹೇಳಿದ ಬಣ್ಣಗಳ ಸಾಲು ಇಲ್ಲಿ ತಲೆಕೆಳಗಾಗಿ ಕೂತಿದೆ. ಗಂಧಕ ನಡುವೆ ಜಾಸ್ತಿ, ದೂರ ಹೋದಂತೆ ಕಡಿಮೆ. ಕಾರಣ ಏನು ಗೊತ್ತಾ? ರಬ್ಬರ್ ಬ್ಯಾಂಡ್. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಸೇರಿಸುತ್ತಾರೆ. ಯಾರೋ ಹತ್ತು ರೂಪಾಯಿ ಒಟ್ಟಿಗೆ ಕಟ್ಟಿ ಇಟ್ಟಿದ್ದಾರೆ. ಮೇಲಿನ ನಾಣ್ಯ ಅದರ ಲೆಕ್ಕ ಇಟ್ಟುಕೊಂಡಿದೆ.

ಇಂಥ ಪಟ್ಟೆ ಕಂಡರೆ ಅದು ಅಚ್ಚಿನ ದೋಷವೂ ಅಲ್ಲ, ಅಪರೂಪವೂ ಅಲ್ಲ. ಹಾಗೆಯೇ ಖಾಕಿ ಕಾಗದದ ಲಕೋಟೆ, ಉಣ್ಣೆ ಬಟ್ಟೆ, ನ್ಯೂಸ್‌ಪೇಪರ್, ಅಡುಗೆಮನೆ ಕಪಾಟು (ಈರುಳ್ಳಿ, ಮೊಟ್ಟೆ ಎರಡರಲ್ಲೂ ಗಂಧಕ ಇದೆ) ಇವೆಲ್ಲವೂ ತಮ್ಮ ಗುರುತು ಬಿಡುತ್ತವೆ.

ತೆಗೆಯಬೇಕಾ? ಬೇಡ ಎನ್ನುವುದು ನನ್ನ ಉತ್ತರ. ಯೂಟ್ಯೂಬ್ ನೋಡಿ ಜನ ಅಲ್ಯೂಮಿನಿಯಂ ಫಾಯಿಲ್, ಬಿಸಿನೀರು, ಸೋಡಾ ಪ್ರಯೋಗ ಮಾಡುತ್ತಾರೆ. ಕಪ್ಪು ಹೋಗುವುದು ನಿಜ. ಆದರೆ ಹಳೆ ನಾಣ್ಯದ ಮೈಮೇಲೆ ಓಡಾಡುವ ಹೊಳಪು ಸತ್ತು, ಸುಣ್ಣ ಬಳಿದ ಹಾಗೆ ಬಿಳುಚಿಕೊಳ್ಳುತ್ತದೆ. ಅಕ್ಷರಗಳ ಸಂದಿಯ ನೆರಳು ಮಾಯವಾಗಿ ಚಿತ್ರ ಚಪ್ಪಟೆಯಾಗಿ ಕಾಣುತ್ತದೆ. ಕೊಳ್ಳುವವರು ಒಂದೇ ನೋಟಕ್ಕೆ "ತೊಳೆದದ್ದು" ಎಂದು ಪಕ್ಕಕ್ಕೆ ಸರಿಸುತ್ತಾರೆ. ಮನೆಯ ಬೆಳ್ಳಿ ದೀಪಕ್ಕೆ ಆ ಪ್ರಯೋಗ ಸರಿ, ನಾಣ್ಯಕ್ಕಲ್ಲ.

ಇನ್ನೊಂದು ಕಡೆ, ಕಾಮನಬಿಲ್ಲಿನ ಬಣ್ಣದ ನಾಣ್ಯ ತೋರಿಸಿ ದುಪ್ಪಟ್ಟು ಬೆಲೆ ಹೇಳುವವರೂ ಇದ್ದಾರೆ. ಬಣ್ಣವನ್ನು ಗಂಧಕದ ಪುಡಿಯಿಂದ, ಬಿಸಿ ಮಾಡಿ, ಒಂದೇ ರಾತ್ರಿಯಲ್ಲಿ ಬರಿಸಬಹುದು. ನಿಜವಾದ ಛಾಯೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರುತ್ತದೆ, ಉಬ್ಬಿದ ಅಕ್ಷರದ ಬುಡದಲ್ಲಿ ಸ್ವಲ್ಪ ತಡವರಿಸುತ್ತದೆ. ಕೃತಕ ಬಣ್ಣ ಬ್ರಷ್ ಎಳೆದ ಹಾಗೆ ಎಲ್ಲದರ ಮೇಲೂ ಹರಡಿರುತ್ತದೆ. ಹೊಳೆಯುವ ನೀಲಿಯ ಅಡಿಯಲ್ಲಿ ಗೀರುಗಳು ಕಂಡರೆ, ಮೊದಲು ತಿಕ್ಕಿ ಆಮೇಲೆ ಬಣ್ಣ ಬರಿಸಿದ್ದಾರೆ ಎಂದೇ ಲೆಕ್ಕ.

4. ತಾಮ್ರ, ಕಂಚಿನ ಮೇಲೆ ಹಸಿರು ಇದ್ದರೆ

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತಿದೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಆದರೆ ಕಿಲುಬಿನಲ್ಲೇ ಒಳ್ಳೆಯದು ಕೆಟ್ಟದ್ದು ಎಂದು ಎರಡು ಜಾತಿ ಇದೆ. ಅವುಗಳ ವ್ಯತ್ಯಾಸ ತಿಳಿಯದಿದ್ದರೆ ಇಡೀ ಡಬ್ಬಿಯ ನಾಣ್ಯಗಳಿಗೆ ಅಪಾಯ.

ಒಳ್ಳೆಯ ಕಿಲುಬು ಗಾಢ ಹಸಿರು ಅಥವಾ ಕಂದು-ಕಪ್ಪು. ಗಟ್ಟಿಯಾಗಿ, ನಯವಾಗಿ, ಎನಾಮೆಲ್ ಲೇಪದ ಹಾಗೆ ಇರುತ್ತದೆ. ಉಗುರಿಗೆ ಸಿಗುವುದಿಲ್ಲ. ಪಟೀನಾ ಎನ್ನುವುದು ಇದನ್ನೇ. ಇದು ಅಡಿಯ ಲೋಹವನ್ನು ಕಾಯುತ್ತದೆ. ಟಿಪ್ಪು ಕಾಲದ ಆನೆ ಚಿತ್ರದ ದಪ್ಪ ಪೈಸೆಗಳಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆ ಕಾಸುಗಳಲ್ಲಿ ಇಂಥ ಪದರ ಎಷ್ಟು ಚೆನ್ನಾಗಿರುತ್ತದೆ ಎಂದರೆ, ಆನೆಯ ಸೊಂಡಿಲು ದಂತ ಎದ್ದು ಕಾಣುವುದೇ ಅದರಿಂದ. ಹೈಸ್ಕೂಲಿನಲ್ಲಿದ್ದಾಗ ನಾನು ಅಂಥ ಒಂದು ಪೈಸೆಗೆ ರಾತ್ರಿಯಿಡೀ ಹುಣಸೆಹುಳಿ ಮೆತ್ತಿ ಇಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹಸಿ ಮಾಂಸದಂಥ ಗುಲಾಬಿ ಬಣ್ಣದ ತಾಮ್ರದ ಬಿಲ್ಲೆ. ಆನೆ ಎಲ್ಲಿದೆ ಎಂದು ಹುಡುಕಬೇಕಿತ್ತು. ಹುಣಸೆಯ ಆಮ್ಲ ಕಿಲುಬನ್ನು ಕರಗಿಸುತ್ತದೆ, ನಿಜ. ಆ ಚಿತ್ರದ ಅರ್ಧ ಭಾಗ ಇದ್ದದ್ದೇ ಕಿಲುಬಿನಲ್ಲಿ.

ಕೆಟ್ಟ ಕಿಲುಬು ತಿಳಿ ಹಸಿರು, ಪುಡಿಪುಡಿ. ಸಣ್ಣ ಸಣ್ಣ ಚುಕ್ಕೆಯಾಗಿ ಏಳುತ್ತದೆ. ಹಲ್ಲುಕಡ್ಡಿ ತಾಗಿಸಿದರೆ ಉದುರುತ್ತದೆ, ಅಡಿಯಲ್ಲಿ ಚಿಕ್ಕ ಗುಳಿ ಕಾಣುತ್ತದೆ. ಇದಕ್ಕೆ ಕಂಚಿನ ರೋಗ ಎಂದು ಹೆಸರು. ರೋಗ ಎಂದರೆ ಕ್ರಿಮಿ ಏನೂ ಇಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರದೊಳಗೆ ಸೇರಿಕೊಂಡು, ತೇವ ಸಿಕ್ಕಾಗಲೆಲ್ಲ ಆಮ್ಲ ಹುಟ್ಟಿಸಿ, ಆ ಆಮ್ಲ ಮತ್ತಷ್ಟು ತಾಮ್ರ ತಿನ್ನುತ್ತದೆ. ಒಂದು ಸಲ ಶುರುವಾದರೆ ತೇವ ಇರುವ ತನಕ ನಿಲ್ಲುವುದಿಲ್ಲ. ಕರಾವಳಿಯ ಮನೆಗಳಲ್ಲಿ, ಮಣ್ಣಿನಲ್ಲಿ ಹೂತಿದ್ದ ನಾಣ್ಯಗಳಲ್ಲಿ ಜಾಸ್ತಿ.

ಅನುಮಾನ ಇದ್ದರೆ ಹೀಗೆ ಪರೀಕ್ಷಿಸಿ. ಪುಡಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದು, ನಾಣ್ಯವನ್ನು ಒದ್ದೆ ಹತ್ತಿಯ ಜೊತೆ (ತಾಗದಂತೆ) ಮುಚ್ಚಿದ ಡಬ್ಬಿಯಲ್ಲಿ ಒಂದು ಎರಡು ದಿನ ಇಡಿ. ಅದೇ ಜಾಗದಲ್ಲಿ ಮತ್ತೆ ತಿಳಿ ಹಸಿರು ಪುಡಿ ಎದ್ದರೆ ರೋಗ ಖಚಿತ. ಆ ನಾಣ್ಯವನ್ನು ಬೇರೆ ಇಡಿ. ಉದುರಿದ ಪುಡಿ ಪಕ್ಕದ ನಾಣ್ಯಕ್ಕೆ ತಾಗುವುದು ಬೇಡ. ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ತೇವಾಂಶ ನೂರಕ್ಕೆ 40ಕ್ಕಿಂತ ಕೆಳಗಿದ್ದರೆ ರೋಗ ಮಲಗಿರುತ್ತದೆ. ಮ್ಯೂಸಿಯಂನವರು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಲವಣದ ದ್ರಾವಣದಲ್ಲಿ ವಾರಗಟ್ಟಲೆ ನೆನೆಸಿ, ದ್ರಾವಣ ಬದಲಿಸುತ್ತಾ ಕ್ಲೋರೈಡ್ ಹೊರತೆಗೆಯುತ್ತಾರೆ. ಬೆಲೆಬಾಳುವ ನಾಣ್ಯವಾದರೆ ಅಂಥ ಕೆಲಸ ಬಲ್ಲವರಿಗೇ ಕೊಡಿ. ಮನೆಯಲ್ಲಿ ಮಾಡಿದರೆ ಪಟೀನಾದ ಬಣ್ಣವೂ ಬದಲಾಗುವ ಅಪಾಯ ಇದೆ.

ಮೂರನೇ ಹಸಿರು ಒಂದಿದೆ. ಅದು ಕಿಲುಬೇ ಅಲ್ಲ ಅನ್ನಿಸುವಂಥದ್ದು: ಅಂಟಂಟಾಗಿ, ಎಣ್ಣೆ ಸವರಿದ ಹಾಗೆ. ಮೆತ್ತನೆ ಪ್ಲಾಸ್ಟಿಕ್ ಜೇಬುಗಳ ಆಲ್ಬಮ್‌ನಲ್ಲಿ ಇಟ್ಟ ನಾಣ್ಯಗಳಿಗೆ ಬರುತ್ತದೆ, ಬೆಳ್ಳಿಯನ್ನೂ ಬಿಡುವುದಿಲ್ಲ. ಆ ಪ್ಲಾಸ್ಟಿಕ್ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ವಸ್ತು ಕಾಲ ಕಳೆದಂತೆ ಹೊರಗೆ ಬೆವರುತ್ತದೆ, ಜೊತೆಗೆ ಆಮ್ಲವೂ ಹುಟ್ಟುತ್ತದೆ. ಹೊಸ ಶವರ್ ಕರ್ಟನ್ ಬಿಚ್ಚಿದಾಗ ಬರುವಂಥ ವಾಸನೆ ಆಲ್ಬಮ್‌ನಿಂದ ಬಂದರೆ ಇವತ್ತೇ ನಾಣ್ಯ ಹೊರಗೆ ತೆಗೆಯಿರಿ. ಬೇಗ ಕಂಡುಹಿಡಿದರೆ ಇದನ್ನು ಪೂರ್ತಿ ತೆಗೆಯಬಹುದು. ಹೇಗೆ ಎಂದು 6ನೇ ಹಂತದಲ್ಲಿ ಹೇಳುತ್ತೇನೆ.

5. ಗೆರೆಗಳನ್ನು ಓದುವುದು

ಜಾಸ್ತಿ ಗೊಂದಲ ಇಲ್ಲೇ. ಮೊದಲ ಪ್ರಶ್ನೆ: ಗೆರೆ ಉಬ್ಬಿದ್ದೋ, ಕೊರೆದದ್ದೋ, ಬರೀ ಬಣ್ಣದ್ದೋ?

ಉಬ್ಬಿದ ಗೆರೆ ಬಂದದ್ದು ಅಚ್ಚಿನಿಂದ. ಅಚ್ಚಿನಲ್ಲಿ ಬಿರುಕು ಬಿಟ್ಟರೆ, ಅಥವಾ ಅದನ್ನು ಉಜ್ಜಿ ಸರಿಮಾಡಿದಾಗ ಗೀರು ಉಳಿದರೆ, ಲೋಹ ಆ ಸಂದಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆ ಆಗುತ್ತದೆ. ಇದು ಹುಟ್ಟುಗುರುತು. ಕೊರೆದ ಗೆರೆ ಸಾಮಾನ್ಯವಾಗಿ ಆಮೇಲೆ ಬಿದ್ದ ಗೀರು. ಒಂದೇ ದಿಕ್ಕಿಗೆ ನೂರಾರು ನವಿರು ಗೀರು ಇದ್ದರೆ ಯಾರೋ ಬಟ್ಟೆಯಿಂದಲೋ ಪುಡಿಯಿಂದಲೋ ತಿಕ್ಕಿದ್ದಾರೆ. ಬೆಳ್ಳಿ ರೂಪಾಯಿಯ ಮೇಲೆ ಚಿಕ್ಕ ಚಿಕ್ಕ ನಕ್ಷತ್ರ, ಅರ್ಧಚಂದ್ರ, ಚುಕ್ಕೆಯಂಥ ಒತ್ತುಗುರುತು ಇದ್ದು, ಅದರೊಳಗೆ ಕಪ್ಪು ಕೂತಿದ್ದರೆ ಅದು ಕಲೆ ಅಲ್ಲ. ಹಿಂದೆ ಸರಾಫರು ಬೆಳ್ಳಿ ಪರೀಕ್ಷಿಸಿ ಒತ್ತುತ್ತಿದ್ದ ಮುದ್ರೆ.

ಬರೀ ಬಣ್ಣದ ಗೆರೆಗಳಲ್ಲಿ ರಾಜ ಎಂದರೆ ಮರಗೆರೆ. ಕಂಚಿನ ಕಾಲಾಣೆ, ತೂತು ಪೈಸೆ, ನಯಾ ಪೈಸೆ ಇಂಥವುಗಳಲ್ಲಿ ನೋಡಿ. ತಿಳಿ ಹಳದಿ ಮತ್ತು ಗಾಢ ಕಂದು ಬಣ್ಣದ ಸಣ್ಣ ಗೆರೆಗಳು ನಾಣ್ಯದ ಈ ತುದಿಯಿಂದ ಆ ತುದಿಗೆ, ತೇಗದ ಹಲಗೆ ಸೀಳಿದ ಹಾಗೆ, ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತವೆ. ಕಾರಣ ತಿಳಿಯಬೇಕಾದರೆ ಟಂಕಸಾಲೆಯ ಕೆಲಸ ಗೊತ್ತಿರಬೇಕು. ತಾಮ್ರ, ತವರ, ಸತು ಕರಗಿಸಿ ಗಟ್ಟಿ ಎರಕ ಹೊಯ್ಯುತ್ತಾರೆ. ಅದನ್ನು ರೋಲರ್‌ಗಳ ನಡುವೆ ಹಾಯಿಸಿ ಉದ್ದನೆಯ ತಗಡು ಮಾಡುತ್ತಾರೆ. ತಗಡಿನಿಂದ ಬಿಲ್ಲೆ ಕತ್ತರಿಸಿ, ಬಿಲ್ಲೆಗೆ ಅಚ್ಚು ಒತ್ತುತ್ತಾರೆ. ಕರಗಿಸುವಾಗ ಲೋಹಗಳು ಸರಿಯಾಗಿ ಬೆರೆಯದೆ ಅಲ್ಲಲ್ಲಿ ಗಂಟು ಉಳಿದರೆ, ರೋಲರ್ ಆ ಗಂಟನ್ನು ಎಳೆದು ಗೆರೆ ಮಾಡುತ್ತದೆ. ಸರಿಯಾಗಿ ನಾದದ ಹಿಟ್ಟನ್ನು ಲಟ್ಟಿಸಿದರೆ ಚಪಾತಿಯಲ್ಲಿ ಮೈದಾ ಗೆರೆ ಉಳಿಯುವುದಿಲ್ಲವಾ, ಹಾಗೇ. ಹೊಸ ನಾಣ್ಯದಲ್ಲಿ ಇದು ಅಷ್ಟಾಗಿ ಕಾಣದು. ವರ್ಷಗಳು ಕಳೆದು ಕಂಚು ಮಾಸುವಾಗ ತವರ ಜಾಸ್ತಿ ಇರುವ ಗೆರೆ ಒಂದು ಬಣ್ಣಕ್ಕೆ, ತಾಮ್ರ ಜಾಸ್ತಿ ಇರುವುದು ಇನ್ನೊಂದಕ್ಕೆ ತಿರುಗುತ್ತದೆ.

ಗುರುತಿಸುವ ಬಗೆ: ಗೆರೆಗಳು ನೇರವಾಗಿ ಅಕ್ಷರ, ಮುಖ, ಕಿರೀಟ ಎಲ್ಲವನ್ನೂ ದಾಟಿ ಹೋಗುತ್ತವೆ. ಲೋಟದ ನೀರಲ್ಲಿ ಅದ್ದಿದರೂ, ಅಸಿಟೋನ್‌ನಲ್ಲಿ ಅದ್ದಿದರೂ ಬದಲಾಗುವುದಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮಗುಚಿ ನೋಡಿದರೆ ಹಿಂಬದಿಯ ಗೆರೆಗಳೂ ತಗಡು ಎಳೆದ ಅದೇ ದಿಕ್ಕಿಗೆ ಇರುತ್ತವೆ. ಹಿಂಬದಿಯಲ್ಲಿ ಗೆರೆ ಇಲ್ಲದೆಯೂ ಇರಬಹುದು. ಆದರೆ ಬೇರೆ ದಿಕ್ಕಿಗಿದ್ದರೆ ಅದು ಮರಗೆರೆ ಅಲ್ಲ. ತಗಡಿನ ದೋಷ ಇನ್ನೂ ಜೋರಾಗಿದ್ದರೆ ಈರುಳ್ಳಿ ಸಿಪ್ಪೆಯ ಹಾಗೆ ಒಂದು ಪದರ ಎದ್ದಿರುತ್ತದೆ. ಅದನ್ನು ಕೀಳಬೇಡಿ.

ಇದಕ್ಕೆ ಬೆಲೆ ಜಾಸ್ತಿನಾ? ಗೆರೆ ಚೆನ್ನಾಗಿದ್ದರೆ ಇಷ್ಟಪಟ್ಟು ನಾಲ್ಕು ಕಾಸು ಹೆಚ್ಚು ಕೊಡುವವರು ಸಿಗುತ್ತಾರೆ. ಲಕ್ಷ ಯಾರೂ ಕೊಡುವುದಿಲ್ಲ. "ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ, ಮೊದಲು ನೋಂದಣಿ ಶುಲ್ಕ ಕಟ್ಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರು ಹೇಳಿಕೊಂಡು ಹೀಗೆ ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಇನ್ನೊಂದು ಬಗೆಯ ಗೆರೆ ನೀರು ಇಳಿದ ಜಾಡು. ಯಾರೋ ತೊಳೆದು ಒರೆಸದೆ ನಿಲ್ಲಿಸಿರುತ್ತಾರೆ. ಹನಿ ಇಳಿದ ದಾರಿಯಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಬೆಳ್ಳಗೆ ಉಳಿಯುತ್ತದೆ, ಅಥವಾ ಆ ಜಾಡಿನಲ್ಲಿ ಲೋಹ ಬೇರೆ ಬಣ್ಣಕ್ಕೆ ತಿರುಗುತ್ತದೆ. ಇದು ವಕ್ರವಾಗಿ, ತುದಿಯಲ್ಲಿ ಹನಿಯ ಆಕಾರದಲ್ಲಿ ಮುಗಿಯುತ್ತದೆ.

ಕಾಸಿನ ಸರದಿಂದ ಬಿಡಿಸಿದ ನಾಣ್ಯವಾದರೆ ಅಂಚಿನ ಮೇಲ್ಭಾಗ ನೋಡಿ. ಕೊಂಡಿ ಬೆಸೆದ ಜಾಗದ ಸುತ್ತ ಬೂದು ಅಥವಾ ಹಳದಿ ಮಚ್ಚೆ ಇರುತ್ತದೆ. ಅದು ಬೆಸುಗೆ ಲೋಹ ಮತ್ತು ಬೆಂಕಿಯ ಗುರುತು. ಹೋಗುವುದಿಲ್ಲ, ಅರ ಹಾಕಿ ಸವೆಸಿದರೆ ಇನ್ನೂ ಕೆಡುತ್ತದೆ.

6. ತೊಳೆಯಲೇಬೇಕು ಅನಿಸಿದರೆ

ಹೊರಗಿನಿಂದ ಬಂದು ಕೂತದ್ದು ಎಂದು ಖಾತ್ರಿಯಾಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಮೊದಲು ಅಗ್ಗದ, ಸವೆದ ನಾಣ್ಯದಲ್ಲಿ ಕೈ ಪಳಗಿಸಿಕೊಳ್ಳಿ.

ಧೂಳು, ಮಣ್ಣು ಇದ್ದರೆ ಡಿಸ್ಟಿಲ್ಡ್ ನೀರಿನ ಭರಣಿಯಲ್ಲಿ ಒಂದು ದಿನ ನೆನೆಸಿ. ನೀರು ಬಣ್ಣ ತಿರುಗಿದರೆ ಬದಲಿಸಿ. ಎರಡು ನಾಣ್ಯ ಒಟ್ಟಿಗೆ ಹಾಕಬೇಡಿ. ಮೆತ್ತಗಾದ ಮಣ್ಣನ್ನು ಬಿದಿರು ಕಡ್ಡಿಯಿಂದ, ಲೂಪಿನಲ್ಲಿ ನೋಡುತ್ತಾ, ತಳ್ಳಿ ತೆಗೆಯಿರಿ. ಉಜ್ಜಬೇಡಿ.

ಎಣ್ಣೆ, ಗೋಂದು, ಸೆಲೊಟೇಪಿನ ಅಂಟು, ಪಿವಿಸಿ ಹಸಿರು ಇವಕ್ಕೆ ಅಸಿಟೋನ್. ಉಗುರುಬಣ್ಣ ತೆಗೆಯುವ ರಿಮೂವರ್ ಬೇಡ, ಅದರಲ್ಲಿ ಎಣ್ಣೆ, ಸುಗಂಧ, ಬಣ್ಣ ಸೇರಿಸಿರುತ್ತಾರೆ. ಲ್ಯಾಬ್ ಸಾಮಾನು ಮಾರುವ ಅಂಗಡಿಯ ಶುದ್ಧ ಅಸಿಟೋನೇ ಆಗಬೇಕು. ಗಾಜಿನ ಭರಣಿಯಲ್ಲೇ ಹಾಕಿ, ಕೆಲವು ಪ್ಲಾಸ್ಟಿಕ್ ಡಬ್ಬಿಗಳು ಅದರಲ್ಲಿ ಕರಗಿಬಿಡುತ್ತವೆ. ಹತ್ತು ಹದಿನೈದು ನಿಮಿಷ ಇಟ್ಟು, ಎರಡನೇ ಭರಣಿಯ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ ತೆಗೆಯಿರಿ. ತಾನಾಗಿಯೇ ಆರುತ್ತದೆ. ಎಚ್ಚರ: ಅಸಿಟೋನ್ ಪೆಟ್ರೋಲಿನ ಹಾಗೆ ಬೆಂಕಿ ಹಿಡಿಯುತ್ತದೆ. ಅಡುಗೆಮನೆ, ದೇವರ ದೀಪ, ಊದಿನಕಡ್ಡಿ ಹತ್ತಿರ ಬೇಡವೇ ಬೇಡ. ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ.

ಪೂಜೆಗೆ ಇಟ್ಟ ನಾಣ್ಯದ ವಿಷಯ ಬೇರೆಯೇ ಹೇಳಬೇಕು. ಲಕ್ಷ್ಮಿ ಪೂಜೆ, ವರಮಹಾಲಕ್ಷ್ಮಿ ಎಂದು ಪ್ರತಿ ವರ್ಷ ಅರಿಶಿನ ಕುಂಕುಮ ಹಚ್ಚಿದ ರೂಪಾಯಿ ಎಷ್ಟೋ ಮನೆಗಳಲ್ಲಿದೆ. ಹಳದಿ ಕಲೆ ಹೋಗಲಿ ಎಂದು ಸೋಪು ಹಾಕುತ್ತಾರೆ, ತಕ್ಷಣ ಕಲೆ ರಕ್ತದ ಹಾಗೆ ಕೆಂಪಾಗುತ್ತದೆ, ಹೆದರಿಬಿಡುತ್ತಾರೆ. ಅರಿಶಿನಕ್ಕೆ ಸುಣ್ಣ ಸೇರಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ. ಸೋಪಿನಲ್ಲೂ ಕ್ಷಾರ ಇದೆ. ಲೋಹಕ್ಕೆ ಏನೂ ಆಗಿಲ್ಲ. ಅರಿಶಿನದ ಬಣ್ಣ ನೀರಿನಲ್ಲಿ ಅಷ್ಟಾಗಿ ಕರಗದು, ಅಸಿಟೋನ್‌ನಲ್ಲಿ ಕರಗುತ್ತದೆ. ಸೋಪು ಬಿಟ್ಟು ಅದನ್ನೇ ಬಳಸಿ. ಮುಂದಿನ ಸಲ ಪೂಜೆಗೆ ಸವೆದ ಒಂದು ನಾಣ್ಯವನ್ನೇ ಖಾಯಂ ಮಾಡಿ, ಚೆನ್ನಾಗಿರುವುದನ್ನು ಒಳಗಿಡಿ. ದೇವಿ ಕೋಪಿಸಿಕೊಳ್ಳುವುದಿಲ್ಲ.

ಒಣಗಿಸುವಾಗ ಒರೆಸಬೇಡಿ, ಬಟ್ಟೆಯ ಮೇಲಿಟ್ಟು ಮೆಲ್ಲಗೆ ಒತ್ತಿ. ಅರ್ಧ ಗಂಟೆ ಫ್ಯಾನಿನ ಕೆಳಗಿರಲಿ.

ಮಣ್ಣಿನಲ್ಲಿ ಸಿಕ್ಕ ನಾಣ್ಯವಾದರೆ ತೊಳೆಯುವುದಕ್ಕೂ ಮೊದಲು ಒಂದು ಕೆಲಸ ಇದೆ. ಹೊಲದಲ್ಲೋ ಪಾಯ ತೋಡುವಾಗಲೋ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುವುದು ಕಾನೂನು. ಸಿಕ್ಕ ಜಾಗ, ಮಡಕೆಯ ಚೂರು, ನಾಣ್ಯಕ್ಕೆ ಹತ್ತಿದ ಮಣ್ಣು ಎಲ್ಲಕ್ಕೂ ಪುರಾತತ್ವದವರಿಗೆ ಬೆಲೆ ಇದೆ.

7. ಉಳಿದ ಲೋಹಗಳು, ಚುಟುಕಾಗಿ

ಅಲ್ಯೂಮಿನಿಯಂ ಪೈಸೆಗಳ ಮೇಲೆ ಬಿಳಿ ಹೊಪ್ಪಳೆ, ಸೂಜಿಮೊನೆಯ ಗುಳಿಗಳು ಬರುತ್ತವೆ. ಬಟ್ಟೆ ಒಗೆಯುವ ಸೋಡಾ ಹಾಕಿದರೆ ಅಲ್ಯೂಮಿನಿಯಂ ತಾನೇ ಕರಗಿ ಕಪ್ಪಾಗುತ್ತದೆ, ಹಾಕಬೇಡಿ. ಸ್ಟೀಲ್ ರೂಪಾಯಿಯ ಮೇಲಿನ ಕಿತ್ತಳೆ ಚುಕ್ಕೆ ತುಕ್ಕು. ನೀಲಿ-ಹಳದಿ ಛಾಯೆ ಬಂದಿದ್ದರೆ ಒಲೆಗೋ ಬೆಂಕಿಗೋ ಬಿದ್ದದ್ದು. ಇಂಥ ನೀಲಿ ರೂಪಾಯಿಯನ್ನು ತಪ್ಪು ಅಚ್ಚು ಎಂದು ಮಾರುತ್ತಾರೆ, ಕೊಳ್ಳಬೇಡಿ. ಚಿನ್ನ ತಾನಾಗಿ ಮಾಸುವುದಿಲ್ಲ, ಆದರೆ ಹಣ, ವರಹ ಎಂಬ ಹಳೆಯ ಚಿನ್ನದ ನಾಣ್ಯಗಳಲ್ಲಿ ಬೆರೆತ ತಾಮ್ರ, ಬೆಳ್ಳಿಯಿಂದ ಕೆಂಪು ಅಥವಾ ಕಂದು ಮಬ್ಬು ಬರುತ್ತದೆ.

ಸೀಸದ ನಾಣ್ಯದ ಬಗ್ಗೆ ಮಾತ್ರ ಗಂಭೀರವಾಗಿ ಕೇಳಿ. ಶಾತವಾಹನರ, ಬನವಾಸಿಯ ಚುಟು ಅರಸರ ಸೀಸದ ನಾಣ್ಯಗಳು ನಮ್ಮ ಕಡೆ ಸಿಕ್ಕಿವೆ. ಚಿತ್ರದುರ್ಗದ ಚಂದ್ರವಳ್ಳಿ ಅದಕ್ಕೆ ಹೆಸರಾದ ಜಾಗ. ಇಂಥವನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟರೆ, ಮರದಿಂದ ಸೂಸುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಆ ಪುಡಿ ವಿಷ. ಊದಬೇಡಿ, ಉಜ್ಜಬೇಡಿ. ಮುಟ್ಟಿದರೆ ಕೈ ತೊಳೆದೇ ಊಟಕ್ಕೆ ಕೂರಿ.

8. ಮತ್ತೆ ಕಲೆ ಬಾರದ ಹಾಗೆ ಇಡುವುದು

ಮೈಲಾರ್ ಎಂಬ ಗಟ್ಟಿ, ಪಾರದರ್ಶಕ ಹಾಳೆಯ ಜೇಬು ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ದುಂಡನೆ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಮಡಚಿದರೆ ಗರಿಗರಿ ಸದ್ದು ಮಾಡುವ ಹಾಳೆ ಸಾಮಾನ್ಯವಾಗಿ ಒಳ್ಳೆಯದು, ರಬ್ಬರಿನ ಹಾಗೆ ಬಗ್ಗುವುದು ಪಿವಿಸಿ. ನಾಣ್ಯವನ್ನು ನಡುವೆ ಇಟ್ಟು ಮಡಚುವ ಕಾಗದದ ಹೋಲ್ಡರಿಗೆ ಸ್ಟೇಪ್ಲರ್ ಹೊಡೆಯುವಾಗ ಪಿನ್ನಿನ ತುದಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು.

ಬೆಳ್ಳಿ ಬೇರೆ ಡಬ್ಬಿ, ತಾಮ್ರ ಬೇರೆ ಡಬ್ಬಿ. ಕರ್ಪೂರ, ನುಸಿಗುಳಿಗೆ, ರಬ್ಬರ್, ಉಣ್ಣೆ ಯಾವುದೂ ಹತ್ತಿರ ಬೇಡ. ಬೀರುವಿನಲ್ಲಿ ಸೀರೆಗಳ ನಡುವೆ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಸಿಲಿಕಾ ಜೆಲ್ ಹಾಕಿ ಮರೆತುಬಿಡುವುದು ಎಲ್ಲರೂ ಮಾಡುವ ತಪ್ಪು. ತೇವ ಕುಡಿದು ತುಂಬಿದ ಮೇಲೆ ಅದು ಕೆಲಸ ಮಾಡುವುದಿಲ್ಲ. ಬಣ್ಣ ಬದಲಾಗುವ ಜಾತಿಯ ಮಣಿಗಳನ್ನೇ ಕೊಳ್ಳಿ, ಬಣ್ಣ ತಿರುಗಿದಾಗ ಹೊಸದು ಹಾಕಿ. ಮಲೆನಾಡು, ಕರಾವಳಿಯವರಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಡಬ್ಬಿ ತೆರೆದು, ತಾಮ್ರದ ನಾಣ್ಯಗಳ ಅಂಚನ್ನು ಲೂಪಿನಲ್ಲಿ ನೋಡಿ. ತಿಳಿ ಹಸಿರು ಮೊದಲು ಏಳುವುದು ಅಲ್ಲೇ. ಮಳೆ ಸುರಿಯುತ್ತಿರು‌ವ ದಿನ ತೆರೆಯಬೇಡಿ, ಬಿಸಿಲು ಬಿದ್ದ ಮಧ್ಯಾಹ್ನ ಆದೀತು. ತೆಗೆದಿಟ್ಟಿದ್ದ ಹಳೆಯ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿ. ಕಲೆ ಎರಡು ವರ್ಷದಿಂದ ಅಷ್ಟೇ ಇದ್ದರೆ, ಡಬ್ಬಿ ಮುಚ್ಚಿ ಎದ್ದು ಹೋಗಿ ಕಾಫಿ ಕುಡಿಯಿರಿ.